ಕೊರೆಯುವ ನೀರಿನಲ್ಲಿ ಮಸ್ಕಿಗೆ ಗಾಳ

2021ರ ನವೆಂಬರ್ 22ರಂದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿಲ್ಲೆ ಲ್ಯಾಕ್ಸ್ ಸರೋವರದಲ್ಲಿ ನೋಲನ್ ಸ್ಪ್ರೆಂಗ್ಲರ್ ಎಂಬಾತನ ಗಾಳಕ್ಕೆ ಒಂದು ಮಸ್ಕಿ ಬಿತ್ತು. ತೂಕ 55 ಪೌಂಡ್ 14.8 ಔನ್ಸ್, ನಮ್ಮ ಲೆಕ್ಕದಲ್ಲಿ 25 ಕಿಲೋ ಮೀರಿತು. ಉದ್ದ ಹೆಚ್ಚುಕಡಿಮೆ ಐದಡಿ. 1957ರಿಂದ ಯಾರೂ ಮುಟ್ಟಲಾಗದೆ ಉಳಿದಿದ್ದ 54 ಪೌಂಡಿನ ರಾಜ್ಯ ದಾಖಲೆ ಅಂದು ಮುರಿಯಿತು. ದಾಖಲೆಗಿಂತ ನನಗೆ ಕುತೂಹಲ ಹುಟ್ಟಿಸುವುದು ಆ ತಾರೀಕು. ನವೆಂಬರ್ ಕೊನೆ ಎಂದರೆ ಆ ಸೀಮೆಯಲ್ಲಿ ಕೆರೆಗಳ ಅಂಚು ಮಂಜುಗಡ್ಡೆ ಕಟ್ಟುವ ಹೊತ್ತು. ಬಹುತೇಕರು ದೋಣಿಗೆ ಹೊದಿಕೆ ಬಿಗಿದು ಶೆಡ್ಡಿಗೆ ತಳ್ಳಿ ವಾರಗಳೇ ಆಗಿರುತ್ತವೆ. ಎಲ್ಲರೂ ಮನೆ ಸೇರಿದ ಮೇಲೆ ರಾಜ್ಯದ ಅತಿ ದೊಡ್ಡ ಮಸ್ಕಿ ಸಿಕ್ಕಿದ್ದು ಆಕಸ್ಮಿಕವೇನೂ ಅಲ್ಲ.

ಮಸ್ಕಿ, ಪೂರ್ತಿ ಹೆಸರಿನಲ್ಲಿ ಮಸ್ಕೆಲಂಜ್, ಉತ್ತರ ಅಮೆರಿಕದ ಸಿಹಿನೀರಿನ ದೊಡ್ಡ ಬೇಟೆಗಾರ ಮೀನು. ಗ್ರೇಟ್ ಲೇಕ್ಸ್, ಸೇಂಟ್ ಲಾರೆನ್ಸ್ ನದಿ, ಮಿಸಿಸಿಪ್ಪಿಯ ಮೇಲ್ಭಾಗ, ಒಹಾಯೊ ಕಣಿವೆ ಇದರ ತವರು. ವಿಸ್ಕಾನ್ಸಿನ್ 1955ರಲ್ಲಿ ಇದನ್ನು ರಾಜ್ಯಮೀನು ಎಂದು ಘೋಷಿಸಿಕೊಂಡಿತು. ಅಲ್ಲಿನ ಹೇವರ್ಡ್ ಎಂಬ ಊರಿನಲ್ಲಿ ತೆರೆದ ಬಾಯೊಳಗೆ ಜನ ಹತ್ತಿ ನಿಲ್ಲುವಷ್ಟು ದೊಡ್ಡ ಫೈಬರ್‌ಗ್ಲಾಸ್ ಮಸ್ಕಿಯೊಂದಿದೆ. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುವ ಮೀನು ಎಂದು ಅಲ್ಲಿಯವರು ಹೇಳುತ್ತಾರೆ. ಷಿಕಾಗೊ, ಮಿನ್ಯಾಪೊಲಿಸ್, ಟೊರಾಂಟೊ ಸುತ್ತ ನೆಲೆಸಿ, ವಾರದ ಕೊನೆಗೆ ಕೆರೆಯ ದಾರಿ ಹಿಡಿಯುವ ಕನ್ನಡಿಗರಿಗೆಂದೇ ಈ ಬರಹ. ಬೇಸಿಗೆಯಲ್ಲಿ ಒಂದೆರಡು ಮಸ್ಕಿ ಕಂಡಿದ್ದೀರಿ, ನೀರು ತಣ್ಣಗಾದ ಮೇಲೆ ಏನು ಮಾಡಬೇಕೆಂದು ತೋಚುತ್ತಿಲ್ಲ ಎನ್ನುವುದಾದರೆ ಮುಂದೆ ಓದಿ.

ದೋಣಿಯ ಮೀಟರ್ 50 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿದೆ ಎಂದುಕೊಳ್ಳಿ, ಅಂದರೆ 10 ಡಿಗ್ರಿ ಸೆಲ್ಸಿಯಸ್. ಮೇ ತಿಂಗಳಲ್ಲಿ ಈ ಅಂಕಿ ಕಂಡರೆ ಮಸ್ಕಿ ಮೊಣಕಾಲುದ್ದದ ಕೊಲ್ಲಿಯಲ್ಲಿ, ಮೊಟ್ಟೆ ಇಡುವ ಗಡಿಬಿಡಿಯಲ್ಲೋ ಇಟ್ಟು ಸುಸ್ತಾಗಿಯೋ ಇರುತ್ತದೆ. ಅಕ್ಟೋಬರಿನಲ್ಲಿ ಇದೇ ಅಂಕಿ ಕಂಡರೆ ಆಳದ ಅಂಚಿನಲ್ಲಿ ಚಳಿಗಾಲಕ್ಕೆ ಮೈ ತುಂಬಿಕೊಳ್ಳುತ್ತಿರುತ್ತದೆ. ಮೊದಲನೆಯದಕ್ಕೆ ಅಂಗೈಯಗಲದ ಲೂರ್ ಸಾಕು, ಎರಡನೆಯದಕ್ಕೆ ಮೊಳದುದ್ದದ್ದು ಬೇಕು. ನೀರು ಎಷ್ಟು ತಣ್ಣಗಿದೆ ಎಂದು ಕೇಳಿ ಲೂರ್ ಆರಿಸುವವರು ಅರ್ಧ ಪ್ರಶ್ನೆಯನ್ನಷ್ಟೇ ಕೇಳುತ್ತಾರೆ. ಏರುತ್ತಿದೆಯೋ ಇಳಿಯುತ್ತಿದೆಯೋ ಎನ್ನುವುದು ಉಳಿದರ್ಧ, ಮತ್ತು ಅದೇ ಮುಖ್ಯ. ಹಾಗಾಗಿ ಕೆರೆಗೆ ಹೋದಾಗಲೆಲ್ಲ ಒಂದೇ ಜಾಗದ, ಒಂದೇ ಹೊತ್ತಿನ ತಾಪಮಾನವನ್ನು ಬರೆದಿಟ್ಟುಕೊಳ್ಳುವ ರೂಢಿ ಒಳ್ಳೆಯದು. ಅದರ ಮುಂದೆ ದುಬಾರಿ ಸೋನಾರ್ ಕೂಡ ಎರಡನೆಯ ಮಾತು.

ಮೊದಲು ವಸಂತದ ಚಳಿ. ಕೆಲವು ವರ್ಷ ಮಂಜುಗಡ್ಡೆ ಕರಗುವುದೇ ತಡವಾಗುತ್ತದೆ. 2013ರಲ್ಲಿ ಮಿನ್ನೆಸೋಟದ ಎಷ್ಟೋ ಕೆರೆಗಳು ಮೇ ತಿಂಗಳ ನಡುವಿನವರೆಗೂ ಬಾಯಿ ಬಿಡಲಿಲ್ಲ. ಅಂಥ ವರ್ಷ ಮಸ್ಕಿ ಋತು ತೆರೆದ ದಿನವೂ ನೀರು ಕ್ಯಾಲೆಂಡರಿಗಿಂತ ಮೂರು ವಾರ ಹಿಂದಿರುತ್ತದೆ. ಆಗ ಹುಡುಕಬೇಕಾದದ್ದು ಕೆರೆಯ ಅತ್ಯಂತ ಬೆಚ್ಚನೆಯ ಮೂಲೆಯನ್ನು. ಉತ್ತರ ದಡದ ಆಳವಿಲ್ಲದ ಕೊಲ್ಲಿ, ತಳದಲ್ಲಿ ಕಪ್ಪು ಕೆಸರು, ಉತ್ತರದ ಗಾಳಿಗೆ ಮರೆ, ದಿನವಿಡೀ ಬಿಸಿಲು. ಮುಖ್ಯ ಕೆರೆಗಿಂತ ಅಲ್ಲಿ ಎರಡು ಡಿಗ್ರಿ ಹೆಚ್ಚಿದ್ದರೂ ಸಾಕು, ಪರ್ಚ್ ಮರಿಗಳು ಅಲ್ಲಿರುತ್ತವೆ, ಅವುಗಳ ಬೆನ್ನಿಗೆ ಮಸ್ಕಿಯೂ. ಬೆಳಗ್ಗೆ ಬೇಗ ಏಳುವ ಅಗತ್ಯವೇ ಇಲ್ಲ. ಬಿಸಿಲು ನೀರಿಗಿಳಿದು ಕೆಲಸ ಮಾಡಿದ ಮೇಲೆ, ಮಧ್ಯಾಹ್ನ ಎರಡರಿಂದ ಸಂಜೆಯವರೆಗಿನ ಹೊತ್ತು ಒಳ್ಳೆಯದು. ನಾಲ್ಕರಿಂದ ಆರು ಇಂಚಿನ ಲೂರ್, ನಿಧಾನದ ಎಳೆತ, ಹೊಸದಾಗಿ ಚಿಗುರುತ್ತಿರುವ ನೀರುಗಿಡಗಳ ತಲೆಯ ಮೇಲೆ ಹಾದುಹೋಗುವಂತೆ. ಮಸ್ಕಿಗಳು ಜೋಡಿಯಾಗಿ ದಡದಲ್ಲಿ ತೇಲುತ್ತಿರುವುದು ಕಂಡರೆ ಅವು ಮೊಟ್ಟೆ ಇಡುವ ಕೆಲಸದಲ್ಲಿವೆ ಎಂದು ತಿಳಿದು ಆ ಕೊಲ್ಲಿಯನ್ನು ಬಿಟ್ಟು ಬನ್ನಿ. ಕಾನೂನು ಅವಕಾಶ ಕೊಟ್ಟರೂ ಅದು ಬೇಟೆಯಲ್ಲ.

ಬೇಸಿಗೆಯಲ್ಲೂ ಒಮ್ಮೊಮ್ಮೆ ನೀರು ಇದ್ದಕ್ಕಿದ್ದಂತೆ ತಣ್ಣಗಾಗುತ್ತದೆ. ಮಿಶಿಗನ್ ಸರೋವರದಂಥ ದೊಡ್ಡ ನೀರಿನಲ್ಲಿ ದಡದಿಂದಾಚೆಗೆ ಬೀಸುವ ಗಾಳಿ ಮೇಲಿನ ಬೆಚ್ಚನೆಯ ಪದರವನ್ನು ಒಳಕ್ಕೆ ತಳ್ಳಿದರೆ, ಆ ಜಾಗಕ್ಕೆ ತಳದ ತಣ್ಣೀರು ಮೇಲೇಳುತ್ತದೆ. ನಿನ್ನೆ ಈಜಾಡಿದ ದಡದಲ್ಲಿ ಇಂದು ಕಾಲಿಡಲಾಗುವುದಿಲ್ಲ. ಅಲ್ಲೇ ಹಟ ಹಿಡಿದು ಎಸೆಯುತ್ತ ಕೂರಬೇಡಿ. ಗಾಳಿ ಹೋಗಿ ಸೇರುವ ಆಚೆ ದಡಕ್ಕೋ ಒಳಗಿನ ಕೊಲ್ಲಿಗೋ ದೋಣಿ ತಿರುಗಿಸಿ. ಚಿಕ್ಕ ಕೆರೆಗಳಲ್ಲಿ ಶೀತಮಾರುತ ಹಾದುಹೋದ ಮರುದಿನದ ತೊಂದರೆ ಬೇರೆ ಬಗೆಯದು. ಆಕಾಶ ತೊಳೆದಿಟ್ಟಷ್ಟು ನೀಲಿ, ಗಾಳಿ ಉತ್ತರದಿಂದ, ಮಸ್ಕಿ ಗಿಡಗಳೊಳಗೆ ಹುದುಗಿ ಕೂತಿರುತ್ತದೆ. ಅಂಥ ದಿನ ಕಡಿಮೆ ಜಾಗ ಆರಿಸಿ, ಅವುಗಳನ್ನೇ ಬೇರೆ ಬೇರೆ ಕೋನದಿಂದ ಮತ್ತೆ ಮತ್ತೆ ಹೊಡೆಯುವುದು ಬಿಟ್ಟರೆ ಬೇರೆ ಮಂತ್ರವಿಲ್ಲ.

ಶರತ್ಕಾಲದ ಮಾತು ಹಾಗಲ್ಲ. ಮಸ್ಕಿ ಗಾಳಗಾರನಿಗೆ ನಿಜವಾದ ತಣ್ಣೀರು ಎಂದರೆ ಇದೇ, ದೊಡ್ಡ ಹೆಣ್ಣುಮೀನು ಸಿಗುವುದೂ ಈಗಲೇ. ಬರುವ ವಸಂತದ ಮೊಟ್ಟೆ ಅವುಗಳ ಹೊಟ್ಟೆಯಲ್ಲಿ ಈಗಿನಿಂದಲೇ ಬೆಳೆಯುತ್ತದೆ. ಅದಕ್ಕೆ ಕೊಬ್ಬು ಬೇಕು. ಅತ್ತ ಮೀನಿನ ಮೈ ನೀರಿನಷ್ಟೇ ತಣ್ಣಗಿರುವುದರಿಂದ ತಿಂದದ್ದು ಜೀರ್ಣವಾಗಲು ದಿನಗಟ್ಟಲೆ ಬೇಕು. ಹಾಗಾಗಿ ಇಡೀ ದಿನ ಸುಮ್ಮನಿದ್ದು, ಯಾವುದೋ ಅರ್ಧ ಗಂಟೆಯಲ್ಲಿ ಎದ್ದು ತಿಂದು ಮತ್ತೆ ಮಲಗುತ್ತದೆ. ನಿಮ್ಮ ಕೆಲಸವೆಂದರೆ ಆ ಅರ್ಧ ಗಂಟೆಯಲ್ಲಿ ಸರಿಯಾದ ಜಾಗದಲ್ಲಿ ಲೂರ್ ನೀರಿನಲ್ಲಿರುವಂತೆ ನೋಡಿಕೊಳ್ಳುವುದು. ಸೂರ್ಯ ಮುಳುಗುವ ಸುತ್ತಿನ ಗಂಟೆ, ಚಂದ್ರ ಹುಟ್ಟುವ ಮತ್ತು ಮುಳುಗುವ ಗಳಿಗೆ, ಹಿಮ ಸುರಿಯುವ ಮುಂಚಿನ ಮೋಡದ ಮಬ್ಬು: ಮಸ್ಕಿಯ ಹಿಂದೆ ವರ್ಷಗಟ್ಟಲೆ ಅಲೆದವರು ನಂಬುವುದು ಇವನ್ನು. ಚಂದ್ರನ ಮಾತು ಮೂಢನಂಬಿಕೆ ಎನ್ನಿಸಿದರೆ ಬಿಡಿ. ಹಾಗೆಂದು ಆ ಹೊತ್ತಿಗೆ ಥರ್ಮಾಸ್ ತೆರೆದು ಕಾಫಿ ಬಗ್ಗಿಸಿಕೊಳ್ಳಲು ಮಾತ್ರ ಹೋಗಬೇಡಿ.

ಆದರೆ ಅದಕ್ಕೂ ಮುಂಚೆ ಒಂದು ಕೆಟ್ಟ ವಾರ ದಾಟಬೇಕು. ಬೇಸಿಗೆಯಲ್ಲಿ ಆಳದ ಕೆರೆ ಪದರ ಪದರವಾಗಿರುತ್ತದೆ. ಮೇಲೆ ಬೆಚ್ಚನೆಯ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು. ಶರತ್ಕಾಲದಲ್ಲಿ ಮೇಲ್ಪದರ ತಣಿಯುತ್ತ ಭಾರವಾಗಿ ಕೆಳಗಿನದರ ಸಮಕ್ಕೆ ಬಂದಾಗ, ಒಂದು ಜೋರು ಗಾಳಿ ಸಾಕು, ಇಡೀ ಕೆರೆ ಮಗುಚಿಕೊಳ್ಳುತ್ತದೆ. ಸಾಮಾನ್ಯವಾಗಿ ಮೇಲ್ನೀರು 50ರಿಂದ 55 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10ರಿಂದ 13 ಸೆಲ್ಸಿಯಸ್ ಇರುವಾಗ ಇದು ನಡೆಯುತ್ತದೆ. ತಳ ಹಿಡಿದ ಪಾತ್ರೆಗೆ ಸೌಟು ಹಾಕಿ ಕದಡಿದ ಹಾಗೆ ಕೆಳಗಿನ ಕೊಳೆ, ಸತ್ತ ಗಿಡಗಳ ಚೂರು, ಕೆಟ್ಟ ವಾಸನೆ ಎಲ್ಲ ಮೇಲೆ ಬರುತ್ತವೆ. ಮೀನು ದಿಕ್ಕಾಪಾಲು. ಹತ್ತು ದಿನದವರೆಗೂ ಇದು ನಡೆಯಬಹುದು. ಈ ಅವಧಿಯಲ್ಲಿ ನನ್ನ ಸಲಹೆ ಒಂದೇ: ಕೆರೆ ಬದಲಿಸಿ. ಆಳವಿಲ್ಲದ, ಗಾಳಿಗೆ ಬಿದ್ದ ಕೆರೆಗಳಲ್ಲಿ ಪದರವೇ ಸರಿಯಾಗಿ ಕಟ್ಟಿರುವುದಿಲ್ಲ. ನದಿ ಇನ್ನೂ ಒಳ್ಳೆಯದು, ಹರಿಯುವ ನೀರು ಮಗುಚುವ ಪ್ರಶ್ನೆಯೇ ಇಲ್ಲ. ಸೆಳವು ಬಂಡೆಗೆ ಬಡಿದು ಅದರ ಹಿಂದೆ ಸುಮ್ಮನಾಗುವ ಗುಂಡಿಯಲ್ಲಿ ಮಸ್ಕಿ ಕಾಯುತ್ತಿರುತ್ತದೆ.

ಕೆರೆ ಮಗುಚಿ ತಿಳಿಯಾದ ಮೇಲೆ ಬೇಸಿಗೆಯ ನಕ್ಷೆಯನ್ನು ಮರೆಯಿರಿ. ಮೇಲಿನಿಂದ ತಳದವರೆಗೆ ಈಗ ಒಂದೇ ತಾಪಮಾನ, ಎಲ್ಲೆಡೆ ಆಮ್ಲಜನಕ. ಮೀನು ಎಲ್ಲಿ ಬೇಕಾದರೂ ಇರಬಹುದು ಎಂದಾದಾಗ ಊಟ ಎಲ್ಲಿದೆ ಎಂದು ಹುಡುಕುವುದೇ ಸರಿಯಾದ ದಾರಿ. ಮಿಲ್ಲೆ ಲ್ಯಾಕ್ಸ್‌ನಂಥ ಕೆರೆಗಳಲ್ಲಿ ಆ ಊಟವೆಂದರೆ ಸಿಸ್ಕೊ ಎಂಬ ಬೆಳ್ಳಿಮೈಯ ಕೊಬ್ಬಿನ ಮೀನು. ಮಿನ್ನೆಸೋಟದವರ ಬಾಯಲ್ಲಿ ಟಲಿಬೀ. ಬೇಸಿಗೆಯೆಲ್ಲ ಆಳದಲ್ಲಿದ್ದ ಈ ಮೀನು ನೀರು ನಾಲ್ಕೈದು ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಾಗ, ಅಂದರೆ 40 ಫ್ಯಾರನ್‌ಹೀಟಿನ ಆಸುಪಾಸಿನಲ್ಲಿ, ಮೊಟ್ಟೆ ಇಡಲು ಕಲ್ಲು ಜಲ್ಲಿಯ ದಿಣ್ಣೆಗಳಿಗೆ ಹಿಂಡುಹಿಂಡಾಗಿ ಬರುತ್ತದೆ. ಅದೂ ಕತ್ತಲಾಗುತ್ತಿದ್ದಂತೆ. ಮಸ್ಕಿ ಆ ದಿಣ್ಣೆಯ ಪಕ್ಕದ ಆಳದಲ್ಲಿ ಹಗಲಿಡೀ ಕಾದಿದ್ದು ಸಂಜೆಗೆ ಮೇಲೇಳುತ್ತದೆ. ಎಂಟು ಹತ್ತಡಿ ಆಳದ ಕಲ್ಲುದಿಣ್ಣೆ ಒಂದೇ ಎಸೆತದ ದೂರದಲ್ಲಿ ಮೂವತ್ತಡಿಗೆ ಕುಸಿಯುವ ಜಾಗ ಸಿಕ್ಕರೆ ಬೇರೆಲ್ಲೂ ಹೋಗಬೇಡಿ. ಸಿಸ್ಕೊ ಇಲ್ಲದ ಕೆರೆಯಲ್ಲಿ ಹಸಿರು ಉಳಿದಿರುವ ಗಿಡಗಳನ್ನು ಹುಡುಕಬೇಕು. ಕಂದು ತಿರುಗಿ ಕೊಳೆಯುತ್ತಿರುವ ಗಿಡದಲ್ಲಿ ಮರಿಮೀನು ನಿಲ್ಲುವುದಿಲ್ಲ. ಅದರ ಪಕ್ಕದಲ್ಲೇ ಕೋಣೆಯಷ್ಟು ಜಾಗದಲ್ಲಿ ಇನ್ನೂ ಗರಿಗರಿಯಾಗಿ ನಿಂತ ಹಸಿರು ಇದ್ದರೆ ಸುತ್ತಮುತ್ತಲ ಜೀವವೆಲ್ಲ ಅಲ್ಲಿ ಸೇರಿರುತ್ತದೆ. ಗಾಳಕ್ಕೆ ಸಿಕ್ಕಿದ ಗಿಡದ ತುಂಡನ್ನು ಬಿಸಾಡುವ ಮುನ್ನ ಬಣ್ಣ ನೋಡಿ.

ಇನ್ನು ಲೂರ್. ತಣ್ಣೀರಿಗೆ ನಾನು ಮೊದಲು ಕೈ ಹಾಕುವುದು ಮೆತ್ತನೆಯ ರಬ್ಬರಿನ ದೊಡ್ಡ ಲೂರ್‌ಗೆ, ಬುಲ್ ಡಾಗ್ ಜಾತಿಯದು, ಹತ್ತರಿಂದ ಹದಿನೈದು ಇಂಚು. ನಿಧಾನವಾಗಿ ಎಳೆದರೂ ಬಾಲ ಆಡುವುದು ಅದರ ಗುಣ. ರಬ್ಬರ್ ಚಳಿಗೆ ಬಿರುಸಾಗುತ್ತದೆ, ಹಾಗಾಗಿ ಅಂಗಡಿಯಲ್ಲಿ ಬಾಲವನ್ನು ಕಿವುಚಿ ನೋಡಿ ತೀರಾ ಮೆತ್ತಗಿರುವುದನ್ನೇ ಆರಿಸಿ. ಎಸೆದ ಮೇಲೆ ಬೇಕಾದ ಆಳಕ್ಕೆ ಇಳಿಯುವವರೆಗೆ ಎಣಿಸುತ್ತ ಕಾಯಿರಿ. ರಾಡಿನ ತುದಿಯನ್ನು ನೀರಿನತ್ತ ತಗ್ಗಿಸಿ ಎರಡಡಿಯಷ್ಟು ಎಳೆಯಿರಿ, ಸಡಿಲ ದಾರವನ್ನು ರೀಲಿಗೆ ಸುತ್ತಿಕೊಳ್ಳುತ್ತ ಲೂರ್ ಮತ್ತೆ ಇಳಿಯಲು ಬಿಡಿ. ಹೀಗೆ ಇಳಿಯುವಾಗಲೇ ಹೆಚ್ಚಿನ ಮೀನು ಕಡಿಯುತ್ತವೆ. ಬೇಸಿಗೆಯ ಹಾಗೆ ರಾಡ್ ಕಿತ್ತುಕೊಂಡು ಹೋಗುವ ಹೊಡೆತ ನಿರೀಕ್ಷಿಸಬೇಡಿ. ದಾರ ಒಮ್ಮೆಗೇ ಹಗುರಾಗುತ್ತದೆ, ಇಲ್ಲವೇ ಗಿಡ ಸಿಕ್ಕಿಕೊಂಡಿತೇನೋ ಎನ್ನಿಸುವಷ್ಟು ಭಾರವಾಗುತ್ತದೆ. ಅನುಮಾನ ಬಂದ ಕ್ಷಣ ಜೋರಾಗಿ ಎಳೆದುಬಿಡಿ, ಗಿಡವಾದರೆ ನಷ್ಟವೇನಿಲ್ಲ. ಮರದ ಚಪ್ಪಟೆ ಸ್ಯೂಯಿಕ್ ಕೂಡ ಒಳ್ಳೆಯದೇ. ಮೈಗೆ ಸೀಸ ಸೇರಿಸಿ, ಎಳೆತ ನಿಂತಾಗ ಬುಳಕ್ಕನೆ ತೇಲದೆ ಮೆಲ್ಲನೆ ಮೇಲೇಳುವಂತೆ ಮಾಡಿಕೊಳ್ಳಬೇಕು. ದೋಣಿಯ ಹಿಂದೆ ಲೂರ್ ಎಳೆದುಕೊಂಡು ಹೋಗುವವರು ಬೇಸಿಗೆಯಲ್ಲಿ ಗಂಟೆಗೆ ನಾಲ್ಕೈದು ಮೈಲಿ ಓಡಿಸುತ್ತಿದ್ದರೆ ಈಗ ಎರಡೂವರೆ ಮೂರಕ್ಕೆ ಇಳಿಸಲಿ.

ಪ್ರತಿ ಎಸೆತದ ಕೊನೆಯಲ್ಲೂ ದೋಣಿಯ ಪಕ್ಕ ರಾಡಿನ ತುದಿಯನ್ನು ನೀರೊಳಗೆ ಅದ್ದಿ ಎಂಟರ ಅಂಕಿ ಬರೆಯುವುದು ಮಸ್ಕಿ ಗಾಳಗಾರರ ಸಂಪ್ರದಾಯ. ಹಿಂಬಾಲಿಸಿ ಬಂದ ಮೀನು ತಿರುವಿನಲ್ಲಿ ಬಾಯಿ ಹಾಕುತ್ತದೆ. ಚಳಿಯಲ್ಲಿ ಕೈ ಮರಗಟ್ಟಿದಾಗ ಮೊದಲು ತಪ್ಪಿಹೋಗುವ ಶಿಸ್ತು ಇದು. ತಣ್ಣೀರಿನ ಮಸ್ಕಿ ಕಣ್ಣಿಗೆ ಬೀಳುವಷ್ಟು ಮೇಲೆ ಬರುವುದಿಲ್ಲ, ಲೂರ್‌ನ ಎರಡು ಮೂರಡಿ ಕೆಳಗೇ ತೇಲುತ್ತ ಬರುತ್ತದೆ. ಮೀನು ಕಾಣಲಿಲ್ಲವೆಂದು ಲೂರ್ ಎತ್ತಿಬಿಟ್ಟರೆ ಅದು ಬಂದಿತ್ತೆಂಬುದೂ ನಿಮಗೆ ಗೊತ್ತಾಗುವುದಿಲ್ಲ. ಎಂಟನ್ನು ಅಗಲವಾಗಿ, ಆಳದಲ್ಲಿ, ನಿಧಾನವಾಗಿ ಬರೆಯಿರಿ, ತಿರುವು ಚೂಪಾಗಿರದಿರಲಿ.

ಜೀವಂತ ಸಕ್ಕರ್ ಮೀನನ್ನು ಎರೆಯಾಗಿ ಬಿಡುವುದು ವಿಸ್ಕಾನ್ಸಿನ್ನಿನ ಹಳೆಯ ಪದ್ಧತಿ. ರಾಗಿ ಮುದ್ದೆಯ ಎರೆ ಕಟ್ಟಿ ಕಾವೇರಿಯಲ್ಲಿ ಮಹಶೀರ್‌ಗೆ ಕಾಯುತ್ತಿದ್ದವರಿಗೆ ಈ ಕಾಯುವಿಕೆ ಹೊಸದಲ್ಲ. ಒಂದಡಿಗಿಂತ ದೊಡ್ಡ ಸಕ್ಕರ್ ಕಟ್ಟಿ, ವಿದ್ಯುತ್ ಮೋಟಾರಿನಲ್ಲಿ ಕಲ್ಲಿನ ಅಂಚಿನ ಗುಂಟ ಮೆಲ್ಲಗೆ ಸಾಗುತ್ತ, ಇನ್ನೊಂದು ರಾಡಿನಲ್ಲಿ ಲೂರ್ ಎಸೆಯುತ್ತಿರಬಹುದು. ಲೂರ್ ಹಿಂದೆ ಬಂದು ಮನಸ್ಸು ಮಾಡದ ಮಸ್ಕಿ ಪಕ್ಕದ ಸಕ್ಕರ್‌ಗೆ ಸೋಲುವುದುಂಟು. ಗಾಳ ನುಂಗುವವರೆಗೆ ಬಿಟ್ಟು ಎಳೆಯುವ ಒಂಟಿ ಗಾಳದ ಹಳೇ ಪದ್ಧತಿ ಮಾತ್ರ ಬೇಡವೇ ಬೇಡ. ಹೊಟ್ಟೆಯಲ್ಲಿ ಗಾಳ ನೆಟ್ಟ ಮೀನು ಈಜಿಹೋದರೂ ಆಮೇಲೆ ಸಾಯುತ್ತದೆ. ಕ್ವಿಕ್ ಸ್ಟ್ರೈಕ್ ಎಂಬ ಜೋಡಣೆಯಲ್ಲಿ ಎರಡು ಮುಮ್ಮೊನೆ ಗಾಳಗಳು ಸಕ್ಕರ್‌ನ ಮೈಪಕ್ಕದಲ್ಲೇ ಕೂರುತ್ತವೆ. ಮಸ್ಕಿ ಹಿಡಿದ ಕೂಡಲೇ ದೋಣಿಯನ್ನು ಅದರ ಸಮೀಪಕ್ಕೆ ಒಯ್ದು, ದಾರ ಬಿಗಿಯಾಗುವವರೆಗೆ ಸುತ್ತಿ, ಪಕ್ಕಕ್ಕೆ ಜಗ್ಗಿ. ಗಾಳ ಬಾಯಂಚಿನಲ್ಲೇ ನಾಟುತ್ತದೆ. ಜೀವಂತ ಎರೆಯನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಸಾಗಿಸುವ ಬಗ್ಗೆ ಪ್ರತಿ ರಾಜ್ಯದಲ್ಲೂ ಕಟ್ಟುನಿಟ್ಟಿನ ನಿಯಮಗಳಿವೆ, ಓದಿಕೊಂಡು ಹೋಗಿ. ನಿಯಮದ ಮಾತು ಬಂದದ್ದರಿಂದ ಇನ್ನೊಂದು: ಮಿನ್ನೆಸೋಟದಲ್ಲಿ ಮಸ್ಕಿ ಋತು ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಬಹುಪಾಲು ಕೆರೆಗಳಲ್ಲಿ 54 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಇದರ ದಾಯಾದಿ ನಾರ್ದರ್ನ್ ಪೈಕ್‌ಗೆ ಕಡು ಮೈಮೇಲೆ ತಿಳಿ ಚುಕ್ಕೆ, ಮಸ್ಕಿಗೆ ತಿಳಿ ಮೈಮೇಲೆ ಕಡು ಗುರುತು. ಪೈಕ್ ಎಂದುಕೊಂಡು ಮಸ್ಕಿಯನ್ನು ಚೀಲಕ್ಕೆ ಹಾಕಿದರೆ ದಂಡ ತಪ್ಪಿದ್ದಲ್ಲ.

ಗಾಳಿಯ ತಾಪಮಾನ ಸೊನ್ನೆ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ನೆಯ್ಗೆಯ ದಾರ ಹೀರಿಕೊಂಡ ನೀರು ರಾಡಿನ ಉಂಗುರಗಳಲ್ಲಿ ಗಟ್ಟಿಯಾಗುತ್ತದೆ. ನಾಲ್ಕೈದು ಎಸೆತಕ್ಕೊಮ್ಮೆ ತುದಿಯ ಉಂಗುರ ಮುಚ್ಚಿಹೋಗಿ, ಎಸೆದ ಲೂರ್ ದಾರ ತುಂಡರಿಸಿಕೊಂಡು ಹಾರಿಹೋಗುವುದೂ ಉಂಟು. ಮಂಜನ್ನು ಉಗುರಿನಿಂದ ಕೀಳಲು ಹೋಗಬೇಡಿ, ಉಂಗುರದ ಒಳಬಳೆ ಒಡೆಯುತ್ತದೆ. ರಾಡನ್ನು ನೀರಿನಲ್ಲಿ ಅದ್ದಿ ಹಿಡಿದರೆ ತಾನೇ ಕರಗುತ್ತದೆ, ಹೊರಗಿನ ಗಾಳಿಗಿಂತ ಕೆರೆಯೇ ಬೆಚ್ಚಗಿರುತ್ತದಲ್ಲ. ತುಟಿಗೆ ಹಚ್ಚುವ ಮುಲಾಮನ್ನು ಉಂಗುರಗಳಿಗೆ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ.

ಮೀನು ಬಲೆಗೆ ಬಿದ್ದ ಮೇಲಿನ ಎರಡು ನಿಮಿಷದ ಬಗ್ಗೆ ಮುಂಚೆಯೇ ಯೋಚಿಸಿಟ್ಟುಕೊಂಡಿರಬೇಕು. ತಣ್ಣೀರು ಮಸ್ಕಿಗೆ ಒಳ್ಳೆಯದೇ: ಆಮ್ಲಜನಕ ಧಾರಾಳ, ಸೆಣಸಾಡಿದ ದಣಿವು ಬೇಗ ಇಳಿಯುತ್ತದೆ. ಅಪಾಯ ಇರುವುದು ಹೊರಗಿನ ಗಾಳಿಯಲ್ಲಿ. ಕೊರೆಯುವ ಚಳಿಯಲ್ಲಿ ಒದ್ದೆ ಕಿವಿರು, ಕಣ್ಣು, ಈಜುರೆಕ್ಕೆಗಳ ಮೇಲಿನ ನೀರು ಕ್ಷಣದಲ್ಲಿ ಹೆಪ್ಪುಗಟ್ಟಿ ಅಂಗಾಂಶ ಹಾಳಾಗುತ್ತದೆ. ಆದ್ದರಿಂದ ಬಲೆಯನ್ನು ನೀರಿನಲ್ಲೇ ಇಟ್ಟು, ಉದ್ದ ಮೂತಿಯ ಇಕ್ಕಳದಿಂದ ಗಾಳ ಬಿಡಿಸಿ. ಬಿಡಿಸಲಾಗದಿದ್ದರೆ ಗಾಳದ ಕಡ್ಡಿಯನ್ನೇ ಕಟರಿನಿಂದ ತುಂಡರಿಸಿ. ಗಾಳಕ್ಕೆ ಎರಡು ಡಾಲರ್, ಮೀನಿಗೆ ಇಪ್ಪತ್ತು ವರ್ಷ. ಕ್ಯಾಮೆರಾ ಸಿದ್ಧವಾಗಿದೆ ಎಂದು ಜೊತೆಗಾರ ಹೇಳುವವರೆಗೆ ಮೀನನ್ನು ಎತ್ತಬೇಡಿ. ಕೈಗವಸು ಒಣಗಿದ್ದರೆ ಮೊದಲು ಒದ್ದೆ ಮಾಡಿ, ಇಲ್ಲದಿದ್ದರೆ ಮೈಯ ಲೋಳೆ ಕಿತ್ತು ಬರುತ್ತದೆ. ತೀರಾ ಚಳಿಯ ದಿನ ಫೋಟೊ ಆಸೆಯನ್ನೇ ಬಿಡುವುದು ಮೇಲು. ಎಷ್ಟು ಎಚ್ಚರ ವಹಿಸಿದರೂ ಕೆಲವು ಮೀನು ಉಳಿಯುವುದಿಲ್ಲ. ಮಿಲ್ಲೆ ಲ್ಯಾಕ್ಸ್‌ನ ಆ ದಾಖಲೆಯ ಮೀನನ್ನೂ ನೀರಿಗೆ ಬಿಡಲು ಬಹಳ ಹೊತ್ತು ಹೆಣಗಿದರು, ಅದು ಚೇತರಿಸಿಕೊಳ್ಳಲಿಲ್ಲ.

ನಿಮ್ಮ ಪ್ರಾಣದ ವಿಷಯ. ತಣ್ಣೀರಿಗೆ ಬಿದ್ದವರ ಬಗ್ಗೆ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಜನಪ್ರಿಯಗೊಳಿಸಿದ ಸೂತ್ರವೊಂದಿದೆ: 1–10–1. ಏದುಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ನಿಮ್ಮ ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪಲು ಒಂದು ಗಂಟೆ. ಮೊದಲ ನಿಮಿಷದಲ್ಲೇ ಮುಳುಗಿದವರಿಗೆ ಉಳಿದ ಲೆಕ್ಕ ಬೇಕಾಗುವುದಿಲ್ಲ. ಆದ್ದರಿಂದ ಲೈಫ್ ಜಾಕೆಟ್ ದೋಣಿಯಲ್ಲಿದ್ದರೆ ಸಾಲದು, ಮೈಮೇಲಿರಬೇಕು, ಎದೆಯ ಪಟ್ಟಿ ಬಿಗಿದು. ಫೋನನ್ನು ನೀರು ಹೋಗದ ಚೀಲದಲ್ಲಿ ಹಾಕಿ ಜೇಬಿನಲ್ಲೇ ಇಟ್ಟುಕೊಳ್ಳಿ. ನವೆಂಬರಿನಲ್ಲಿ ಕೆರೆಯ ಮೇಲೆ ನಿಮ್ಮನ್ನು ನೋಡುವ ಇನ್ನೊಂದು ದೋಣಿ ಇರುವುದಿಲ್ಲ, ಒಬ್ಬರೇ ಹೋಗದಿರುವುದು ಲೇಸು.

ಹೊರಡುವಾಗ ಕಾರಿನಲ್ಲಿ ಒಂದು ಬಕೆಟ್ ಮರಳು ಇರಲಿ. ದೋಣಿ ಮೇಲೆಳೆಯುವಾಗ ಟ್ರೇಲರಿನಿಂದ ಸುರಿದ ನೀರು ಇಳಿಜಾರಿನ ಕಾಂಕ್ರೀಟಿನ ಮೇಲೆ ಕೂಡಲೇ ಗಾಜಾಗುತ್ತದೆ, ಕಾರಿನ ಚಕ್ರ ಕೆರೆಯ ಕಡೆಗೇ ಜಾರುತ್ತದೆ. ಮೇಲೆ ಬಂದ ಮೇಲೆ ಮೋಟಾರನ್ನು ನೆಟ್ಟಗೆ ಇಳಿಸಿ ಒಳಗಿನ ನೀರೆಲ್ಲ ಬಸಿದುಹೋಗಲು ಬಿಡಿ, ಒಳಗೇ ಹೆಪ್ಪುಗಟ್ಟಿದರೆ ಲೋಹ ಬಿರಿಯುತ್ತದೆ. ದೋಣಿಯ ತಳದ ಬಿರಡೆಯನ್ನೂ ತೆಗೆದಿಡಿ; ಮಿನ್ನೆಸೋಟದಲ್ಲಿ ಬಿರಡೆ ತೆಗೆಯದೆ ದೋಣಿಯನ್ನು ರಸ್ತೆಗೆ ತರುವುದೇ ಕಾನೂನಿಗೆ ವಿರುದ್ಧ.